ಕೀಪ್ಯಾಡ್ ಫೋನಿನಲ್ಲಿ ಹತ್ತನೇ ತರಗತಿ ಗಣಿತ

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯಲ್ಲೇ. ಹಾಗಾಗಿ ನಮ್ಮಲ್ಲಿ ಭಯ ಜಾಸ್ತಿ ಇತ್ತು. ಶಾಲೆ ಮುಚ್ಚಿತ್ತು. ಚಂದನ ವಾಹಿನಿಯಲ್ಲಿ ಬರುತ್ತಿದ್ದ ಸೇತುಬಂಧ ಪಾಠಗಳು ಚೆನ್ನಾಗಿದ್ದವು, ಆದರೆ ಟಿವಿಯನ್ನು ತಡೆದು ಪ್ರಶ್ನೆ ಕೇಳೋಕಾಗಲ್ಲ. ಆಗಸ್ಟ್‌ನಲ್ಲಿ ಮಕ್ಕಳಿರುವ ಊರಿಗೇ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಯೋಜನೆ ಬಂತು, ಗುಡಿ ಕಟ್ಟೆಯ ಮೇಲೆ ಕೂತು ಪಾಠ ಮಾಡಿದೆವು. ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಆಳಂದ ತಾಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ ವಾಟ್ಸಾಪ್ ವಿಡಿಯೊ ಕಳಿಸಿ ನೋಡಿದೆ. ಬೆಳಗ್ಗೆ ಫೋನ್ ಮಾಡಿದರೆ ಒಂದೇ ಉತ್ತರ: "ಅಪ್ಪ ತೊಗರಿ ಹೊಲಕ್ಕ ಹೋಗ್ಯಾನ್ರಿ ಸರ್, ಫೋನ್ ಅವನ ಬಲ್ಲಿ ಅದ." ಫೋನು ಮನೆಗೆ ಬರುವುದೇ ಕತ್ತಲಾದ ಮೇಲೆ. ಅನೇಕರದ್ದು ಕೀಪ್ಯಾಡ್ ಫೋನು ಬೇರೆ.

ಹಾಗಾಗಿ ಪಾಠವನ್ನು ರಾತ್ರಿ ಎಂಟಕ್ಕೆ ಇಟ್ಟುಕೊಂಡೆ. ಸಾದಾ ಕಾನ್ಫರೆನ್ಸ್ ಕಾಲ್, ಒಂದು ಸಲಕ್ಕೆ ಐದು ಮಕ್ಕಳು. ಇಂಟರ್ನೆಟ್ ಬೇಡ, ಚಿತ್ರ ಕಾಣಲ್ಲ. ಪಾಸಾಗಿ ಹೋದ ಮಕ್ಕಳಿಂದ ಹಳೇ ಪುಸ್ತಕ ಕೇಳಿ ತಂದು ಹಂಚಿದ್ದೆ. "ತ್ರಿಭುಜದ ಪಾಠ ತೆಗೀರಿ, ಚಿತ್ರದ ಮೇಲೆ ಬೆರಳಿಡಿ, ಎ ಇಂದ ಬಿ ಕಡೆ ಬನ್ನಿ" ಅಂತ ಹೇಳಿಕೊಡುತ್ತಿದ್ದೆ.

ಕಿವಿಯಿಂದಲೇ ಕಲಿಸುವಾಗ ಮಕ್ಕಳ ತಪ್ಪು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತೆ ಗೊತ್ತಾ? ಎಕ್ಸ್ ವರ್ಗ ಪ್ಲಸ್ 5 ಎಕ್ಸ್ ಪ್ಲಸ್ 6 ಸೊನ್ನೆಗೆ ಸಮ. ಒಬ್ಬ ಹುಡುಗಿ ಪಟ್ಟನೆ "2, 3 ರೀ ಸರ್" ಅಂದಳು. ಅಪವರ್ತನ ಸರಿ ಬಂದಿದೆ, ಮೂಲ ತಪ್ಪು. "ಎಕ್ಸ್ ಜಾಗದಲ್ಲಿ 2 ಹಾಕಿ ಜೋರಾಗಿ ಲೆಕ್ಕ ಮಾಡವ್ವಾ" ಅಂದೆ. "4, 10, 6... 20 ಆಯ್ತ್ರೀ." ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನೇ "ಮೈನಸ್ 2, ಮೈನಸ್ 3" ಅಂದಳು. ನೋಟ್‌ಬುಕ್ ಫೋಟೊದಲ್ಲಿ ಸರಿಯುತ್ತರ ಮಾತ್ರ ಕಾಣುತ್ತೆ, ಅದು ಯಾರದ್ದೋ ನೋಡಿ ಬರೆದದ್ದೂ ಇರಬಹುದು. ಈ ದಾರಿ ಅದರಲ್ಲಿ ಕಾಣಲ್ಲ. ಅದಕ್ಕೇ ಉಳಿದ ನಾಲ್ವರಿಗೂ ಕಡ್ಡಾಯ ಮಾಡಿದೆ: ಉತ್ತರ ಹೇಳುವವರು ಮೆಟ್ಟಿಲು ಮೆಟ್ಟಿಲಾಗಿ ಬಾಯಿಬಿಟ್ಟು ಹೇಳಬೇಕು.

2021ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯೇ ಬದಲಾಯಿತು. ಜುಲೈನಲ್ಲಿ ಎರಡೇ ದಿನ, ಬರೀ ಬಹು ಆಯ್ಕೆ ಪ್ರಶ್ನೆ, ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆ. ಮಾದರಿ ಹಾಳೆ ಜೆರಾಕ್ಸ್ ಮಾಡಿಸಿ ಊರಿಗೆ ಹೋಗುವವರ ಕೈಲಿ ಕಳಿಸಿದೆ. ರಾತ್ರಿ ಕಾಲ್‌ನಲ್ಲಿ ಪ್ರಶ್ನೆ ಮಾತ್ರ ತಿರುಗಿಸಿದೆ: "ಸರಿಯುತ್ತರ ಆಮೇಲೆ ಹೇಳು. ಉಳಿದ ಮೂರು ಯಾಕೆ ತಪ್ಪು, ಅದನ್ನ ಮೊದಲು ಹೇಳು."