ಎಂಜಿನ್ ಬ್ಲಾಸ್ಟಿಂಗ್‌ಗೆ ಕೊಡುವ ಮುಂಚೆ

ಹಳೆ ಯಮಹಾ ಆರ್‌ಎಕ್ಸ್ 100 ಬೈಕ್ ಕೈಗೆ ಸಿಕ್ಕಿದ್ದೇ ತಡ, ನಮ್ಮ ಬೆಳಗಾವಿ ಹುಡುಗರಿಗೆ ಎಂಜಿನ್ ಬೆಳ್ಳಗೆ ಮಾಡಿಸುವ ಅವಸರ. ಫ್ರೇಮಿನಿಂದ ಎಂಜಿನ್ ಇಳಿಸಿ, ಸೈಲೆನ್ಸರ್ ತೂತಿಗೊಂದು ಚಿಂದಿ ತುರುಕಿ, ಇಡಿಯಾಗಿ ಬ್ಲಾಸ್ಟಿಂಗ್‌ನವರ, ಅಂದರೆ ಗಾಳಿ ಒತ್ತಡದಲ್ಲಿ ಪುಡಿ ಹೊಡೆದು ಲೋಹ ಸ್ವಚ್ಛ ಮಾಡುವವರ ಮುಂದೆ ಇಟ್ಟುಬಿಡುತ್ತಾರೆ. ಸಂಜೆಗೆ ಎಂಜಿನ್ ಫಳಫಳ. ಸ್ವಲ್ಪ ದಿನಕ್ಕೆ ಕ್ರ್ಯಾಂಕ್ ಬೇರಿಂಗ್ ಕರಕರ. ಈ ಗಾಡಿ ತಯಾರಿಕೆ 1996ರಲ್ಲೇ ನಿಂತಿದೆ. ಒರಿಜಿನಲ್ ಕೇಸ್, ಅಂದರೆ ಎಂಜಿನ್‌ನ ಹೊರಕವಚ, ಹಾಳಾದರೆ ಇನ್ನೊಂದು ಎಲ್ಲಿಂದ ತರುತ್ತೀರಿ?

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಬೇರಿಂಗ್‌ಗೆ ಪೆಟ್ರೋಲ್ ಜೊತೆ ಬರುವ ಎಣ್ಣೆಯೇ ಗತಿ. ನಡುವೆ ಸೋಸುವ ಫಿಲ್ಟರ್ ಇಲ್ಲ. ಒಳಗೆ ಉಳಿದ ಪುಡಿ ನೇರವಾಗಿ ಬೇರಿಂಗ್‌ಗೆ, ಪಿಸ್ಟನ್‌ಗೆ ಹೋಗುತ್ತದೆ. ಅದಕ್ಕೇ ಮೊದಲ ಕೆಲಸ: ಎಂಜಿನ್ ಪೂರ್ತಿ ಬಿಚ್ಚಿ. ಕ್ರ್ಯಾಂಕ್, ಗೇರು, ಬೇರಿಂಗ್, ಆಯಿಲ್ ಸೀಲ್ ಎಲ್ಲ ಹೊರಗೆ. ಕೇಸನ್ನು ಒಂದೇ ಸಮ ಬಿಸಿ ಮಾಡಿದರೆ ಬೇರಿಂಗ್ ಸಲೀಸಾಗಿ ಬರುತ್ತದೆ, ಸುತ್ತಿಗೆಯಿಂದ ಬಡಿಯಬೇಡಿ. ಬಿಚ್ಚುವಷ್ಟು ಪುರುಸೊತ್ತಿಲ್ಲ ಅಂದರೆ ಬ್ಲಾಸ್ಟಿಂಗ್ ಆಸೆ ಬಿಡಿ. ಸೀಮೆಎಣ್ಣೆ, ನೈಲಾನ್ ಬ್ರಷ್ ಹಿಡಿದು ತಿಕ್ಕಿ, ಅಷ್ಟು ಸಾಕು.

ಬಿಚ್ಚಿದ ಮೇಲೆ ಜಿಡ್ಡು ತೆಗೆಯಬೇಕು. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಬ್ರಷ್ ಹಾಕಿ, ಆಮೇಲೆ ಪಾತ್ರೆ ತೊಳೆಯುವ ಸೋಪು, ಬಿಸಿನೀರು. ಬೇಗ ಆಗಲಿ ಅಂತ ಯಾರೋ ಕಾಸ್ಟಿಕ್ ಸೋಡಾ ಹೇಳಿಕೊಡುತ್ತಾರೆ, ಇನ್ಯಾರೋ ಬಾತ್‌ರೂಮ್ ತೊಳೆಯುವ ಆ್ಯಸಿಡ್. ಎರಡೂ ಅಲ್ಯುಮಿನಿಯಂ ತಿನ್ನುತ್ತವೆ. ಕಾಸ್ಟಿಕ್‌ನಲ್ಲಿ ಅದ್ದಿದ ಕೇಸ್ ನೊರೆ ಉಕ್ಕಿಸಿ ಕಪ್ಪಾಗುತ್ತದೆ, ಗ್ಯಾಸ್ಕೆಟ್ (ಸೋರದಂತೆ ಜೋಡಣೆ ನಡುವೆ ಇಡುವ ತೆಳು ಹಾಳೆ) ಕೂರುವ ಜಾಗ ಒರಟಾಗುತ್ತದೆ. ಕಬ್ಬಿಣದ ತಂತಿ ಬ್ರಷ್ಷೂ ಬೇಡ. ಜಿಡ್ಡು ಇದ್ದಂತೆಯೇ ಬ್ಲಾಸ್ಟಿಂಗ್‌ಗೆ ಒಯ್ದರೆ ಪುಡಿ ಜಿಡ್ಡಿಗೆ ಅಂಟಿಕೊಂಡು ಕೂರುತ್ತದೆ, ಆಮೇಲೆ ತೆಗೆಯುವುದು ಎರಡರಷ್ಟು ಕಷ್ಟ.

ಈಗ ಬ್ಲಾಸ್ಟಿಂಗ್. ಉದ್ಯಮಬಾಗ್‌ನಲ್ಲಿ ಫೌಂಡ್ರಿಗಳು ಬೇಕಾದಷ್ಟಿವೆ, ಪರಿಚಯದವರೂ ಸಿಗುತ್ತಾರೆ. ಆದರೆ ಎರಕ ತೆಗೆದ ಬೀಡುಕಬ್ಬಿಣ ಸ್ವಚ್ಛ ಮಾಡಲು ಫೌಂಡ್ರಿಯಲ್ಲಿ ಇರುವುದು ಶಾಟ್ ಬ್ಲಾಸ್ಟಿಂಗ್ ಯಂತ್ರ. ಅದು ಉಕ್ಕಿನ ಗುಂಡು ಹೊಡೆಯುತ್ತದೆ. ನಿಮ್ಮ ಕೇಸ್ ಅಲ್ಯುಮಿನಿಯಂ, ಮೈತುಂಬ ಗುಳಿ ಬೀಳುತ್ತವೆ. ಮೈಯಲ್ಲಿ ಸಿಕ್ಕಿಕೊಂಡ ಉಕ್ಕಿನ ಚೂರು ಮಳೆಗಾಲದಲ್ಲಿ ತುಕ್ಕಿನ ಚುಕ್ಕೆಯಾಗಿ ಹೊರಗೆ ಬರುತ್ತದೆ. ಮರಳೂ ಬೇಡ. ಕೇಳಬೇಕಾದ್ದು ಗ್ಲಾಸ್ ಬೀಡ್, ಅಂದರೆ ಸಣ್ಣ ಗಾಜಿನ ಮಣಿ. ಬ್ಲಾಸ್ಟಿಂಗ್ ಮಾಡುವ ಡಬ್ಬದಲ್ಲಿ ಮುಂಚೆ ತುಕ್ಕು ಹಿಡಿದ ಕಬ್ಬಿಣ ಹೊಡೆದಿದ್ದಾರಾ ಕೇಳಿ. ಹೊಡೆದಿದ್ದರೆ ಹೊಸ ಮಣಿ ಹಾಕಿಸಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಗಾಳಿ ಒತ್ತಡ 60 ಪಿಎಸ್‌ಐ ದಾಟಬಾರದು.

ಕೊಡುವ ಮುಂಚೆ ತೂತು ಮುಚ್ಚುವ ಕೆಲಸ ನೀವೇ ಕೂತು ಮಾಡಿ, ಬೇರೆಯವರಿಗೆ ಬಿಡಬೇಡಿ. ಬಟ್ಟೆ ತುರುಕಿದರೆ ಅದರ ಸಂದಿಯಲ್ಲೇ ಪುಡಿ ನುಗ್ಗುತ್ತದೆ. ಮಾಸ್ಕಿಂಗ್ ಟೇಪ್ ಆ ಹೊಡೆತಕ್ಕೆ ಹರಿದೇ ಹೋಗುತ್ತದೆ. ಪ್ಲಗ್ ತೂತಿಗೆ ಹಳೆ ಸ್ಪಾರ್ಕ್ ಪ್ಲಗ್ ತಿರುಗಿಸಿ. ಸೈಲೆನ್ಸರ್ ತೂತಿಗೆ, ಕಾರ್ಬುರೇಟರ್ ಕಡೆಯ ಬಾಯಿಗೆ ತಗಡು ಕತ್ತರಿಸಿ, ಕೆಳಗೆ ಹಳೆ ಟ್ಯೂಬಿನ ರಬ್ಬರ್ ಇಟ್ಟು ಬೋಲ್ಟ್ ಬಿಗಿಯಿರಿ. ಸ್ಟಡ್‌ಗಳಿಗೆ ಪೆಟ್ರೋಲ್ ಪೈಪ್ ತುಂಡು ತೊಡಿಸಿ. ಸಿಲಿಂಡರ್ ಬೋರ್, ಬೇರಿಂಗ್ ಕೂರುವ ಜಾಗ, ಗ್ಯಾಸ್ಕೆಟ್ ಮುಖ ಇವಕ್ಕೆ ಒಂದು ಮಣಿಯೂ ತಾಗಬಾರದು. ಎಂಜಿನ್ ನಂಬರ್ ಮೇಲೂ ರಬ್ಬರ್ ಅಂಟಿಸಿ. ನಂಬರ್ ಮಾಸಿದರೆ ಆರ್‌ಟಿಓದಲ್ಲಿ ಉತ್ತರ ಹೇಳಬೇಕಾದವರು ನೀವು. ಅದು ಬೆಳಗಾವಿಯ ಕೆಎ 22 ಇರಲಿ, ವಿಜಯಪುರದ 28 ಇರಲಿ, ಬಾಗಲಕೋಟೆಯ 29 ಇರಲಿ.

ಹೊಳೆಯುವ ಕೇಸ್ ಮನೆಗೆ ಬಂತು, ಕೆಲಸ ಮುಗಿಯಿತು ಅನ್ನಿಸುತ್ತದೆ ಅಲ್ವಾ? ಎಂಜಿನ್ ಸಾಯುವುದು ಇಲ್ಲೇ. ಮತ್ತೆ ಸೋಪು, ಬಿಸಿನೀರು, ಬಾಟಲಿ ತೊಳೆಯುವ ಬ್ರಷ್. ಎಣ್ಣೆ ಹೋಗುವ ಪ್ರತಿ ದಾರಿಗೂ ಎರಡೂ ಕಡೆಯಿಂದ ಕಂಪ್ರೆಸರ್ ಗಾಳಿ ಬಿಡಿ, ಕಣ್ಣಿಗೆ ಕನ್ನಡಕ ಇರಲಿ. ಮೋಸ ಮಾಡುವುದು ತಳ ಇರುವ ಬೋಲ್ಟ್ ತೂತುಗಳು. 6 ಎಂಎಂ ಟ್ಯಾಪಿಗೆ, ಅಂದರೆ ತೂತಿನೊಳಗೆ ಮರೆ ಕೊರೆಯುವ ಉಪಕರಣಕ್ಕೆ, ಸ್ವಲ್ಪ ಎಣ್ಣೆ ಸವರಿ, ಬರಿಗೈಲಿ ತಿರುಗಿಸಿ ತೆಗೆಯಿರಿ. ಅದರ ಹಲ್ಲಿನ ಸಂದಿಗಳಲ್ಲಿ ಬೂದು ಬಣ್ಣದ ಪೇಸ್ಟ್ ತುಂಬಿಕೊಂಡು ಬರುತ್ತದೆ. ಬೆರಳಲ್ಲಿ ಉಜ್ಜಿದರೆ ಚುರುಚುರು ಅನ್ನುತ್ತದೆ. ಅದೆಲ್ಲ ಗಾಜು. ಹಾಗೇ ಬಿಟ್ಟು ಬೋಲ್ಟ್ ಬಿಗಿದರೆ ತಳಕ್ಕೆ ಒತ್ತಿ ಕೇಸೇ ಸೀಳಬಹುದು. ಟ್ಯಾಪ್ ಒರೆಸಿ, ಗಾಳಿ ಹೊಡೆದು, ಮತ್ತೆ ಹಾಕಿ. ಬರೀ ಎಣ್ಣೆ ಬರುವವರೆಗೂ ಬಿಡಬೇಡಿ. ಕೊನೆಗೆ ಬಿಳಿ ಬಟ್ಟೆ ಒದ್ದೆ ಮಾಡಿ ಒಳಗೆಲ್ಲ ಒರೆಸಿ ಬಿಸಿಲಲ್ಲಿ ನೋಡಿ. ಒಂದು ಮಿಂಚು ಕಂಡರೂ ಮೊದಲಿಂದ ತೊಳೆಯಿರಿ.

ಬಣ್ಣ ಸುಲಭ. ಶಾಖ ತಡೆಯುವ ಎಂಜಿನ್ ಬಣ್ಣವನ್ನೇ ತನ್ನಿ. ಮಾಮೂಲಿ ಸಿಲ್ವರ್ ಪೇಂಟ್ ಸೈಲೆನ್ಸರ್ ಬಾಯಿ ಹತ್ತಿರ ಸುಟ್ಟು ಹಳದಿಯಾಗುತ್ತದೆ. ಡಬ್ಬಿ ಮೇಲೆ ಕ್ರೋಮ್ ಅಂತ ಬರೆದ ಸ್ಪ್ರೇ ಮುಟ್ಟಿದರೆ ಕೈಗೆ ಬರುತ್ತದೆ, ಸುಮ್ನೆ ದುಡ್ಡು ದಂಡ. ಸಿಲಿಂಡರ್, ಹೆಡ್ ಹೊಳಪಿಲ್ಲದ ಕಪ್ಪು, ಕೇಸ್ ಬೆಳ್ಳಿ, ಸೈಡ್ ಕವರ್ ಎಮರಿ ಪೇಪರ್ ಹಾಕಿ ಬಫಿಂಗ್. ಕೆಂಪು ಎಂಜಿನ್ ಬೇಕೆನ್ನುವವರು ಬೇರೆಯವರನ್ನು ಕೇಳಲಿ. ಸಿಲಿಂಡರ್ ಸುತ್ತ ಇರುವ, ಶಾಖ ಬಿಡುವ ಫಿನ್‌ಗಳ ಮೇಲೆ ತೆಳ್ಳಗೆ ಹೊಡೆಯಿರಿ, ದಪ್ಪ ಪದರ ಶಾಖ ಹೊರಗೆ ಬಿಡುವುದಿಲ್ಲ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಮುಟ್ಟಲೇಬೇಡಿ, ತೇವಕ್ಕೆ ಬಣ್ಣ ಮಂಕಾಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲೂ ಆಗದು, ಬಣ್ಣ ಗಾಳಿಯಲ್ಲೇ ಒಣಗಿ ಮೈಮೇಲೆ ಮರಳಿನಂತೆ ಬೀಳುತ್ತದೆ.

ಈ ಬಣ್ಣ ಶಾಖ ತಿಂದ ಮೇಲೇ ಗಟ್ಟಿಯಾಗುವುದು. ಅಲ್ಲಿಯವರೆಗೆ ಪೆಟ್ರೋಲ್ ತಾಗಿದರೆ ಎದ್ದು ಬರುತ್ತದೆ. ಅಡುಗೆ ಓವನ್‌ನಲ್ಲಿ ಇಡಬೇಡಿ, ಆ ವಾಸನೆ ತಿನ್ನುವ ಊಟಕ್ಕೆ ಹತ್ತುತ್ತದೆ. ಎಂಜಿನ್ ಜೋಡಿಸಿ, ಮುಂದೆ ಫ್ಯಾನ್ ಇಟ್ಟು, ಹತ್ತು ನಿಮಿಷ ಓಡಿಸಿ ಪೂರ್ತಿ ಆರಲು ಬಿಡಿ. ಆಮೇಲೆ ಇಪ್ಪತ್ತು ನಿಮಿಷ, ಮತ್ತೆ ಆರಲಿ. ಎಂಜಿನ್ ತಣ್ಣಗಾದ ಮೇಲೆ ಪಾನಾ ಹಿಡಿದು ಹೆಡ್ ನಟ್‌ಗಳನ್ನು ಎದುರುಬದುರಾಗಿ ಇನ್ನೊಮ್ಮೆ ನೋಡಿ. ಹೊಸ ಗ್ಯಾಸ್ಕೆಟ್ ಕೂತು ಅವು ಸಡಿಲ ಆಗಿರುತ್ತವೆ.