ಬಾಡಿಗೆ ಬಾಕ್ಸ್ ಬೇಡ: ಅಮೆರಿಕದ ಕೇಬಲ್‌ ಟಿವಿಗೆ ಸ್ವಂತ ಟ್ಯೂನರ್ ಜೋಡಿಸುವ ಬಗೆ

ಅಮೆರಿಕದಲ್ಲಿ ಕೇಬಲ್ ಟಿವಿ ನೋಡಲು ಕಂಪನಿಯ ಬಾಕ್ಸನ್ನೇ ಬಾಡಿಗೆಗೆ ತರಬೇಕೆಂದೇನಿಲ್ಲ. ಬಾಕ್ಸ್ ಮಾರುಕಟ್ಟೆಯಲ್ಲಿ ಪೈಪೋಟಿ ಇರಬೇಕೆಂದು 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ತಂದ 629ನೇ ಸೆಕ್ಷನ್ ಹೇಳಿತು. ಕೇಬಲ್‌ಕಾರ್ಡ್ ಹುಟ್ಟಿದ್ದು ಅದರಿಂದ. ಚಾನೆಲ್‌ಗಳ ಬೀಗ ತೆಗೆಯುವುದಷ್ಟೇ ಈ ಕಾರ್ಡಿನ ಕೆಲಸ, ಉಳಿದದ್ದೆಲ್ಲ ನೀವು ಕೊಂಡ ಸಾಧನದ್ದು, ಅಂದರೆ ಚಾನೆಲ್ ಹಿಡಿಯುವ ಟ್ಯೂನರ್‌ನದ್ದು. 2016ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಮುಂದಿಟ್ಟ ಲೆಕ್ಕದಂತೆ ಒಂದು ಮನೆ ಬಾಕ್ಸ್ ಬಾಡಿಗೆಗೆಂದೇ ವರ್ಷಕ್ಕೆ ಸರಾಸರಿ 231 ಡಾಲರ್ ತೆರುತ್ತಿತ್ತು. ಸ್ವಂತ ಸಾಧನಕ್ಕೆ ಕೈಹಾಕಲು ಇಷ್ಟು ಕಾರಣ ಸಾಕು.

ಆದರೆ ಸಾಧನ ಕೊಳ್ಳುವ ಮೊದಲು ಕಂಪನಿಗೆ ಫೋನ್ ಮಾಡಿ. ಕಾರ್ಡಿಗೆ ಬೆಂಬಲ ಕೊಡಲೇಬೇಕೆಂಬ ನಿಯಮಗಳನ್ನು ಎಫ್‌ಸಿಸಿ 2020ರಲ್ಲಿ ತೆಗೆದುಹಾಕಿತು. ಹಾಗಾಗಿ ಈಗ ಕೊಡುವುದು ಬಿಡುವುದು ಅವರಿಗೆ ಸೇರಿದ್ದು. ಹೊಸ ಎಂ-ಕಾರ್ಡ್ (ಒಮ್ಮೆಗೆ ಹಲವು ಚಾನೆಲ್ ಬಿಡಿಸುವ ಕೇಬಲ್‌ಕಾರ್ಡ್) ಕೊಡುತ್ತೀರಾ? ಸ್ವಿಚ್ಡ್ ಡಿಜಿಟಲ್ ವಿಡಿಯೊ (ಕೇಳಿದಾಗ ಮಾತ್ರ ಚಾನೆಲ್ ಕಳಿಸುವ ವಿಧಾನ) ಬಳಸುತ್ತೀರಾ, ಬಳಸುವುದಾದರೆ ಅಂಥ ಚಾನೆಲನ್ನು ಕೇಳಿ ತರಿಸುವ ಟ್ಯೂನಿಂಗ್ ಅಡಾಪ್ಟರ್ ಸಿಗುತ್ತದೆಯೇ? ಯಾವುದಾದರೂ ಚಾನೆಲ್‌ಗಳು ಈಗಾಗಲೇ ಇಂಟರ್ನೆಟ್ ಮೂಲಕ ಮಾತ್ರ ಬರುತ್ತಿವೆಯೇ? ಮೂರಕ್ಕೂ ಉತ್ತರ ಪಡೆಯಿರಿ. ಇಂಟರ್ನೆಟ್ಟಿಗೆ ಹೋದ ಚಾನೆಲ್ ಯಾವ ಕಾರ್ಡಿಗೂ ಸಿಗುವುದಿಲ್ಲ.

ಟ್ಯೂನರ್ ವಿಷಯಕ್ಕೆ ಬಂದರೆ, ಎಚ್‌ಡಿಹೋಮ್‌ರನ್ ಪ್ರೈಮ್ ಮೂರು ಟ್ಯೂನರ್‌ಗಳ ಪೆಟ್ಟಿಗೆ. ಮನೆಯ ರೂಟರ್‌ಗೆ ಸಿಕ್ಕಿಸಿದರೆ ಎಲ್ಲ ಟಿವಿಗಳಿಗೂ ಒಂದೇ ಸಾಕು. ಅದರ ತಯಾರಿಕೆ ನಿಂತಿದೆ, ಸೆಕೆಂಡ್‌ಹ್ಯಾಂಡ್ ಹುಡುಕಬೇಕು. ಕಾರ್ಡ್ ಎಂ-ಕಾರ್ಡೇ ಆಗಿರಲಿ: ಅದು ಏಕಕಾಲಕ್ಕೆ ಆರು ಚಾನೆಲ್‌ಗಳವರೆಗೆ ಬಿಡಿಸಬಲ್ಲದು, ಹಳೆಯ ಎಸ್-ಕಾರ್ಡ್ ಒಂದನ್ನು ಮಾತ್ರ.

ಕೇಬಲ್ ಟಿವಿ ಸಿಗ್ನಲ್ ತರುವ ಕೋಆಕ್ಸ್ ತಂತಿಯನ್ನು ಹಗುರವಾಗಿ ಎಣಿಸಬೇಡಿ. ತಂತಿಯನ್ನು ಕವಲೊಡೆಸುವ ಎರಡು ದಾರಿಯ ಸ್ಪ್ಲಿಟರ್ ಸುಮಾರು 3.5 ಡೆಸಿಬೆಲ್ ಸಿಗ್ನಲ್ ನುಂಗುತ್ತದೆ, ನಾಲ್ಕು ದಾರಿಯದು ಸುಮಾರು 7. ಬಳಸದ ಸ್ಪ್ಲಿಟರ್‌ಗಳನ್ನು ಕಿತ್ತುಹಾಕಿ. ಟ್ಯೂನರ್‌ನ ಸ್ಟೇಟಸ್ ಪುಟದಲ್ಲಿ ಸಿಂಬಲ್ ಕ್ವಾಲಿಟಿ (ಸಿಗ್ನಲ್ ತಪ್ಪಿಲ್ಲದೆ ಬಂದ ಪ್ರಮಾಣ) ಶೇ 100 ಇರಬೇಕು. ಅದಕ್ಕಿಂತ ಇಳಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಅದು ಕಾರ್ಡಿನ ತಪ್ಪಲ್ಲ.

ಕಾರ್ಡ್ ಒಳಗೆ ಕೂರಿಸಿದ ಮೇಲೆ ಅದನ್ನು ಮುಟ್ಟದೆ ಬಿಡಿ. ಕೆಲವೊಮ್ಮೆ ಅದು ತನ್ನ ಫರ್ಮ್‌ವೇರನ್ನು ಕೇಬಲ್‌ನಿಂದಲೇ ಇಳಿಸಿಕೊಳ್ಳುತ್ತಿರುತ್ತದೆ, ನಡುವೆ ಎಳೆದರೆ ಕೆಟ್ಟೇ ಹೋಗಬಹುದು. ನಂತರ ಕಾರ್ಡಿನ ಪುಟದಲ್ಲಿ ಮೂರು ಸಾಲು ನೋಡಿ: ಅಥೆಂಟಿಕೇಷನ್, ಒಒಬಿ (ಔಟ್ ಆಫ್ ಬ್ಯಾಂಡ್) ಲಾಕ್, ವ್ಯಾಲಿಡೇಷನ್. ಒಒಬಿ ಲಾಕ್ ಆಗದಿದ್ದರೆ ಕಂಪನಿಯ ಆದೇಶ ಕಾರ್ಡಿಗೆ ತಲುಪುತ್ತಲೇ ಇಲ್ಲ ಎಂದರ್ಥ. ಆ ಆದೇಶ ಬರುವುದು 70ರಿಂದ 130 ಮೆಗಾಹರ್ಟ್ಸ್ ನಡುವಿನ ಪ್ರತ್ಯೇಕ ದಾರಿಯಲ್ಲಿ, ಆದ್ದರಿಂದ ಮೊದಲು ತಂತಿಯನ್ನೂ ಫಿಲ್ಟರ್‌ಗಳನ್ನೂ ಪರೀಕ್ಷಿಸಿ.

ಇನ್ನು ಪೇರಿಂಗ್, ಅಂದರೆ ಕಾರ್ಡನ್ನೂ ಟ್ಯೂನರನ್ನೂ ಕಂಪನಿಯ ದಾಖಲೆಯಲ್ಲಿ ಜೋಡಿ ಮಾಡಿಸುವುದು. ಹೆಚ್ಚಿನವರು ಸೋತು ಬಾಡಿಗೆ ಬಾಕ್ಸಿಗೆ ಮರಳುವುದು ಇಲ್ಲೇ, ಮತ್ತು ತಪ್ಪು ಅವರದ್ದಾಗಿರುವುದು ಕಡಿಮೆ. ಕೇಬಲ್‌ಕಾರ್ಡ್ ಐಡಿ, ಹೋಸ್ಟ್ ಐಡಿ, ಡೇಟಾ ಐಡಿ, ಈ ಮೂರನ್ನೂ ಪರದೆಯಿಂದ ಬರೆದುಕೊಂಡು ಕಂಪನಿಯ ಕೇಬಲ್‌ಕಾರ್ಡ್ ವಿಭಾಗವನ್ನೇ ಕೇಳಿ ಫೋನ್ ಮಾಡಿ. ಒಂದೊಂದು ಅಂಕಿಯನ್ನೂ ಅವರಿಂದ ತಿರುಗಿ ಓದಿಸಿ. ಕಾರ್ಡಿನ ಮೇಲೆ ಅಚ್ಚಾದ ಸೀರಿಯಲ್ ನಂಬರನ್ನೇ ಕೇಬಲ್‌ಕಾರ್ಡ್ ಐಡಿ ಎಂದು ನಮೂದಿಸುವುದು ಸಾಮಾನ್ಯ ತಪ್ಪು. ಟ್ಯೂನರ್ ಬದಲಿಸಿದರೆ ಡೇಟಾ ಐಡಿಯೂ ಬದಲಾಗುತ್ತದೆ, ಮತ್ತೆ ಪೇರಿಂಗ್ ಮಾಡಿಸಬೇಕು.

ಪೇರಿಂಗ್ ಆಗಿಲ್ಲದ್ದನ್ನು ಗುರುತಿಸುವುದು ಸುಲಭ. ಸಾಮಾನ್ಯ ಚಾನೆಲ್‌ಗಳೆಲ್ಲ ಬಂದು, ಎಚ್‌ಬಿಒದಂಥ ದುಬಾರಿ ಚಾನೆಲ್‌ಗಳು ಮಾತ್ರ ಕಪ್ಪಾಗಿದ್ದರೆ ಕಾರ್ಡ್ ಸಕ್ರಿಯವಾಗಿದೆ, ಪೇರಿಂಗ್ ಆಗಿಲ್ಲ. "ಸಿಗ್ನಲ್ ರಿಫ್ರೆಶ್ ಮಾಡಿದ್ದೇವೆ" ಎಂಬ ಉತ್ತರಕ್ಕೆ ಒಪ್ಪಬೇಡಿ. ಡೇಟಾ ಐಡಿಯನ್ನು ಮತ್ತೆ ನಮೂದಿಸಲು ಹೇಳಿ.

ಚಾನೆಲ್‌ಗಳು ಅಲ್ಲಲ್ಲಿ ಚದುರಿದಂತೆ ಕಾಣೆಯಾಗಿದ್ದರೆ ಕಾರಣ ಸ್ವಿಚ್ಡ್ ವಿಡಿಯೊ, ಬೇಕಾದದ್ದು ಟ್ಯೂನಿಂಗ್ ಅಡಾಪ್ಟರ್. ಅದನ್ನು ಯುಎಸ್‌ಬಿಯಲ್ಲಿ ಟ್ಯೂನರ್‌ಗೆ, ಕೋಆಕ್ಸ್‌ನಲ್ಲಿ ಗೋಡೆಗೆ ಜೋಡಿಸಿ. ಬೇಕಾದ ಚಾನೆಲನ್ನು ಅದು ಕಂಪನಿಯ ಬಳಿ ಕೇಳಬೇಕು, ಹಾಗಾಗಿ ದಾರಿಯಲ್ಲಿ ಒಮ್ಮುಖ ಆಂಪ್ಲಿಫೈಯರ್ ಇದ್ದರೆ ಏನೂ ನಡೆಯದು. ಮನೆಯಲ್ಲಿ ಮೋಕಾ (ಕೋಆಕ್ಸ್ ತಂತಿಯಲ್ಲೇ ಓಡುವ ಮನೆಯೊಳಗಿನ ನೆಟ್‌ವರ್ಕ್) ಜಾಲವಿದ್ದರೆ ಅಡಾಪ್ಟರ್‌ನ ಮುಂದೊಂದು ಮೋಕಾ ಫಿಲ್ಟರ್ ಹಾಕಿ.

ರೆಕಾರ್ಡಿಂಗ್‌ಗೆ ಒಂದು ಮಿತಿಯಿದೆ. "ಕಾಪಿ ಒನ್ಸ್" (ಒಂದೇ ಪ್ರತಿಗೆ ಅವಕಾಶ) ಗುರುತಿರುವ ಕಾರ್ಯಕ್ರಮವನ್ನು ಪಿಸಿಯಲ್ಲಿ ರೆಕಾರ್ಡ್ ಮಾಡಲು ವಿಂಡೋಸ್ ಮೀಡಿಯಾ ಸೆಂಟರ್ ಬೇಕಿತ್ತು, ಅದು ವಿಂಡೋಸ್ 10ರಲ್ಲಿ ಇಲ್ಲ. ಕಂಪನಿ ಯಾವ ಚಾನೆಲ್‌ಗಳಿಗೆ ಈ ಗುರುತು ಹಾಕಿದೆಯೆಂದು ಟ್ಯೂನರ್ ಪುಟದಲ್ಲೇ ನೋಡಿ.

ಎಲ್ಲ ಸರಿಯಾದ ಮೇಲೆ ಹಳೆಯ ಬಾಕ್ಸ್ ಹಿಂದಿರುಗಿಸಿ, ಸೀರಿಯಲ್ ನಂಬರ್ ಇರುವ ರಸೀದಿ ಪಡೆಯಿರಿ. ಮುಂದಿನ ಬಿಲ್ಲಿನಲ್ಲೂ ಬಾಕ್ಸ್ ಬಾಡಿಗೆ ಬಂದರೆ ಟೆಲಿವಿಷನ್ ವ್ಯೂವರ್ ಪ್ರೊಟೆಕ್ಷನ್ ಕಾಯ್ದೆಯ ಹೆಸರು ಹೇಳಿ. ಕಂಪನಿ ಒದಗಿಸದ ಸಾಧನಕ್ಕೆ ಬಾಡಿಗೆ ಹಾಕುವುದಕ್ಕೆ ಅದರಲ್ಲಿ ತಡೆಯಿದೆ. ಆಗಲೂ ತೆಗೆಯದಿದ್ದರೆ ಎಫ್‌ಸಿಸಿಗೆ ಆನ್‌ಲೈನ್ ದೂರು ಕೊಡಿ, ರಸೀದಿಯನ್ನೂ ಬಿಲ್ಲನ್ನೂ ಜೊತೆಗಿಡಿ.