ಮಂಗಳೂರಿನಲ್ಲಿ ಶನಿವಾರ, ಭಾನುವಾರ: ಊಟದ ಹೊತ್ತು ನೋಡಿ ಊರು ಸುತ್ತಿದ್ದು

ಮಂಗಳೂರಿಗೆ ಹೋಗುತ್ತೇನೆ ಅಂದರೆ ಎಲ್ಲರೂ ಕೊಡುವ ಪಟ್ಟಿ ಒಂದೇ. ಉಡುಪಿ, ಮಲ್ಪೆ, ಧರ್ಮಸ್ಥಳ, ಕಟೀಲು, ಮುರುಡೇಶ್ವರ. ಎಲ್ಲವೂ ನೋಡಬೇಕಾದ ಜಾಗಗಳೇ. ಆದರೆ ಎರಡೇ ದಿನ ರಜೆ ಇದ್ದಾಗ ಅರ್ಧ ಹೊತ್ತು ಕಾರಿನಲ್ಲೇ ಕಳೆದುಹೋಗುತ್ತದೆ. ಹಾಗಾಗಿ ನಾನು ಊರು ಬಿಟ್ಟು ಹೊರಗೆ ಹೋಗಲೇ ಇಲ್ಲ. ಒಂದು ಕಡೆ ಫಲ್ಗುಣಿ ಹೊಳೆ, ಇನ್ನೊಂದು ಕಡೆ ನೇತ್ರಾವತಿ, ಎದುರಿಗೆ ಕಡಲು. ಇಷ್ಟರೊಳಗಿನ ಮಂಗಳೂರು ಸಾಕು ಅಂತ ಹೊರಟೆ. ಮೊದಲು ಊಟ ತಿಂಡಿಯ ಹೊತ್ತು ಗೊತ್ತು ಮಾಡಿಕೊಂಡೆ. ನೋಡುವ ಜಾಗಗಳನ್ನು ಆಮೇಲೆ ಅದರ ಸುತ್ತ ಜೋಡಿಸಿದೆ.

ಹೋಗುವ ತಿಂಗಳೂ ಮುಖ್ಯ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ಆಗ ಬಂದರು ಮೌನವಾಗಿರುತ್ತದೆ, ಮೀನೂ ದುಬಾರಿ. ನಾನು ಡಿಸೆಂಬರ್ ಆರಿಸಿಕೊಂಡೆ. ಸೆಕೆ ಸ್ವಲ್ಪ ಕಡಿಮೆ, ಮೀನು ಧಾರಾಳ.

ರಾತ್ರಿ ಬಸ್ಸು ಬೆಳಕು ಹರಿಯುವ ಮೊದಲೇ ಇಳಿಸಿತು. ಚೀಲ ರೂಮಿನಲ್ಲಿಟ್ಟು ನೇರವಾಗಿ ದಕ್ಕೆಗೆ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಗೆ ಹೋದೆ. ಹಳೇ ಬಂದರಿನ ಮೀನುಗಾರಿಕೆ ದಕ್ಕೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ದೂರವಿಲ್ಲ. ಸಾಲಾಗಿ ನಿಂತ ಬೋಟುಗಳು, ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಮೀನು, ಐಸ್ ಪುಡಿ ಮಾಡುವ ಸದ್ದು, ತಲೆ ಮೇಲೆ ಗಿರಕಿ ಹೊಡೆಯುವ ಹದ್ದುಗಳು. ಏಲಂ ಕೂಗುವವರು ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲದರಲ್ಲೂ ಬೆಲೆ ಹೇಳುತ್ತಾರೆ. ಮೀನು ಮಾರುವ ಹೆಂಗಸರು ಒಂದೇ ನೋಟಕ್ಕೆ ಬುಟ್ಟಿಯ ಬೆಲೆ ಕಟ್ಟುವುದನ್ನು ನೋಡುತ್ತಾ ನಿಂತುಬಿಟ್ಟೆ. ಒಬ್ಬರನ್ನು ಕೇಳಿದೆ, ತಾಜಾ ಮೀನು ಗುರುತಿಸುವುದು ಹೇಗೆ ಅಂತ. ಕಿವಿರು ಎತ್ತಿ ತೋರಿಸಿದರು. ಅದು ಕೆಂಪಗಿರಬೇಕು, ಕಣ್ಣು ಹೊಳೆಯುತ್ತಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ನೀವು ಹೋದರೆ ನೀರು ತಾಗಿದರೂ ಪರವಾಗಿಲ್ಲ ಅನ್ನುವ ಚಪ್ಪಲಿ ಹಾಕಿ. ಹೊರೆ ಹೊತ್ತವರ ದಾರಿಗೆ ಅಡ್ಡ ನಿಲ್ಲಬೇಡಿ. ಅದು ಅವರ ದುಡಿಮೆಯ ಹೊತ್ತು. ಕೇಳದೆ ಫೋಟೋ ತೆಗೆಯುವುದೂ ಬೇಡ.

ಅಲ್ಲೇ ಪಕ್ಕದ ಹಳೇ ಬಂದರಿನಿಂದ ಇವತ್ತಿಗೂ ಲಕ್ಷದ್ವೀಪಕ್ಕೆ ಸರಕು ಹೋಗುತ್ತದೆ. ಆದರೆ ದೊಡ್ಡ ಹಡಗುಗಳಿಗೆ ಇಲ್ಲಿ ಜಾಗವಿಲ್ಲ. ಎರಡು ಹೊಳೆಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ, ತಂದ ಹೂಳನ್ನು ಬಾಯಲ್ಲೇ ಸುರಿಯುತ್ತವೆ. ಹಾಗಾಗಿಯೇ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಿದರು. 1974ರಲ್ಲಿ ಅದಕ್ಕೆ ಪ್ರಮುಖ ಬಂದರಿನ ಸ್ಥಾನ ಸಿಕ್ಕಿತು. ನನಗೆ ಮಾತ್ರ ಹಳೆಯದೇ ಇಷ್ಟವಾಯಿತು. 12ನೇ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಮನೆ ಮಾಡಿ, ಕಂಚಿನ ಪಾತ್ರೆ ಮಾಡಿಸಿ, ಮೆಣಸು ಅಡಿಕೆ ಕಳಿಸುತ್ತಿದ್ದ. ಅವನ ಕಾಗದಗಳು ಕೈರೋದ ಹಳೇ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕಿವೆ. ಬಂದರಿನ ಗೋದಾಮುಗಳ ಓಣಿಯಲ್ಲಿ ನಡೆಯುವಾಗ ಆ ಮನುಷ್ಯನದೇ ಯೋಚನೆ. ಅದೇ ಪ್ರದೇಶದಲ್ಲಿ ಝೀನತ್ ಬಕ್ಷ್ ಮಸೀದಿಯೂ ಇದೆ. ಅಲ್ಲಿನ ಮರದ ಕೆತ್ತನೆಯ ಕಂಬಗಳನ್ನು ನೋಡಲು ಬಿಡುವು ಮಾಡಿಕೊಳ್ಳಿ.

ಮಧ್ಯಾಹ್ನದ ಊಟಕ್ಕೂ ಬಂದರಿನ ಓಣಿಗಳನ್ನು ಬಿಟ್ಟು ದೂರ ಹೋಗಲಿಲ್ಲ. ಹನ್ನೆರಡೂವರೆ ಒಳಗೆ ಕೂತರೆ ಜಾಗ ಸಿಗುತ್ತದೆ. ಒಂದು ಗಂಟೆ ದಾಟಿದರೆ ಕಾಯುವವರು ನಮ್ಮ ಕುರ್ಚಿ ಹಿಂದೆಯೇ ನಿಂತಿರುತ್ತಾರೆ. ಇಂಥ ಸಣ್ಣ ಹೋಟೆಲುಗಳಲ್ಲಿ ಕೆಲವಕ್ಕೆ ಭಾನುವಾರ ರಜೆ, ಅದಕ್ಕೇ ಮೀನೂಟ ಶನಿವಾರವೇ ಮುಗಿಸಿಕೊಳ್ಳಿ. ಮೆನು ಓದುತ್ತಾ ಕೂರುವುದು ಬೇಡ, ಇವತ್ತು ಏನು ಬಂದಿದೆ ಅಂತ ಕೇಳಿ. ಹಸಿ ಮಸಾಲೆ ಹಚ್ಚಿದ ಮೀನನ್ನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ, ನಮಗೆ ಬೇಕಾದ್ದನ್ನು ಆರಿಸಿ ಹೇಳಿದರೆ ಕಾವಲಿಗೆ ಹೋಗುತ್ತದೆ. ಬೆಲೆ ಮೀನಿನ ಗಾತ್ರದ ಮೇಲೆ, ಆಗಲೇ ಕೇಳಿಕೊಂಡರೆ ಒಳ್ಳೆಯದು. ಮುಳ್ಳಿಗೆ ಹೆದರುವವರಿಗೆ ಅಂಜಲ್ ಮೀನು. ನಾನು ಹೇಳುವುದು ಕಾಣೆ ಮೀನು. ಬೆಳ್ಳಗೆ, ಮೆತ್ತಗೆ, ನಡುವಿನ ಮುಳ್ಳು ಎಳೆದರೆ ಪೂರ್ತಿ ಬಿಟ್ಟುಕೊಳ್ಳುತ್ತದೆ. ರವಾ ಫ್ರೈಗೆ ಅದೇ ಸರಿ. ಬಂಗುಡೆಯನ್ನು ಮಾತ್ರ ಫ್ರೈ ಮಾಡಿಸದೆ ಪುಳಿಮುಂಚಿ ತಿನ್ನಿ. ಅದರ ಎಣ್ಣೆ ಜಿಡ್ಡಿಗೆ ಹುಣಸೆ ಹುಳಿ, ಮೆಣಸಿನ ಖಾರವೇ ಬೇಕು.

ಊಟಕ್ಕೆ ದಪ್ಪ ಕುಚ್ಚಲಕ್ಕಿ ಅನ್ನ. ಬೆಳ್ಳಗಿನ ಅನ್ನ ಕೇಳಿದರೂ ಕೊಡುತ್ತಾರೆ, ಆದರೆ ಮೀನು ಸಾರಿನ ಗಟ್ಟಿ ಮಸಾಲೆ ಹಿಡಿಯುವುದು ಕುಚ್ಚಲಕ್ಕಿಯೇ. ನಾನು ಹಾವೇರಿ ಕಡೆಯವನು. ಆ ಸಾರಿಗೆ ಅಷ್ಟು ಕೆಂಪು ಕೊಡುವುದು ನಮ್ಮ ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಜಾಸ್ತಿ, ಅದಕ್ಕೇ ಇಲ್ಲಿನ ತೆಂಗಿನಕಾಯಿ ಮಸಾಲೆಗೆ ಅಷ್ಟು ಹೊಂದುತ್ತದೆ. ನಮ್ಮ ಹೊಲದ ಬೆಳೆಗೆ ಕಡಲ ತೀರದಲ್ಲಿ ಇಂಥ ಮರ್ಯಾದೆ ಇದೆ ಅಂತ ತಿಂದು ನೋಡಿದಾಗ ನಿಜವಾಗಿ ಹೆಮ್ಮೆಯಾಯಿತು.

ಊಟದ ನಂತರದ ಬಿಸಿಲಿಗೆ ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್. ಒಳಗೆ ತಂಪು, ಗೋಡೆ, ಚಾವಣಿ ತುಂಬ ಚಿತ್ರ. ಇಟಲಿಯಿಂದ ಬಂದ ಜೆಸ್ವಿಟ್ ಎಂಬ ಕ್ರೈಸ್ತ ಸಂಘದ ಸೋದರ ಆಂಟೋನಿಯೋ ಮೊಸ್ಕೇನಿ 1899ರ ಹೊತ್ತಿಗೆ ಬರೆದದ್ದು. ಕತ್ತು ನೋಯುವವರೆಗೆ ಚಾವಣಿ ನೋಡಿದೆ.

ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿ. ಶತ್ರು ಹಡಗುಗಳು ಹೊಳೆಯೊಳಗೆ ನುಗ್ಗದಂತೆ 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ. ಚಿಕ್ಕದು, ಬೇಗ ನೋಡಿ ಮುಗಿಯುತ್ತದೆ. ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ದಾಟಿದರೆ ತಣ್ಣೀರುಬಾವಿ ಕಡಲ ತೀರ. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲೇ ದಾಟಿ. ವಾಪಸ್ ಬರುವ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ.

ಭಾನುವಾರ ಬೆಳಿಗ್ಗೆ ಕದ್ರಿ ಮಂಜುನಾಥ ದೇವಸ್ಥಾನ. ಇಲ್ಲಿನ ಕಂಚಿನ ಲೋಕೇಶ್ವರ ವಿಗ್ರಹಕ್ಕೆ ಮೂರು ಮುಖ, ಆರು ಕೈ. ಪೀಠದ ಶಾಸನದ ಪ್ರಕಾರ ಕ್ರಿ.ಶ. 968ರಲ್ಲಿ ಅಳುಪ ಅರಸ ಕುಂದವರ್ಮ ಮಾಡಿಸಿದ್ದು. ಸಾವಿರ ವರ್ಷ ದಾಟಿದ ಆ ಕಂಚಿನ ಕೆಲಸದ ಮುಂದೆ ಅವಸರ ಮಾಡಬೇಡಿ. ಆಮೇಲೆ ತಿಂಡಿಗೆ ಬಾಳೆಹಣ್ಣಿನ ಬನ್ಸ್, ಗೋಳಿಬಜೆ. ಬನ್ಸ್ ಬಿಸಿಯಾಗಿದ್ದಾಗಲೇ ತಿನ್ನಬೇಕು, ಅದಕ್ಕೆ ಚಟ್ನಿಯೂ ಸೇರುತ್ತದೆ, ಸಾಂಬಾರೂ ಸೇರುತ್ತದೆ. ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ನೋಡಿ ಬರುವಷ್ಟರಲ್ಲಿ ಮತ್ತೆ ಹಸಿವು.

ಮಧ್ಯಾಹ್ನ ಕೋರಿ ರೊಟ್ಟಿ. ಗರಿಗರಿ ಅಕ್ಕಿ ರೊಟ್ಟಿಯನ್ನು ಮುರಿದು ಹಾಕಿ ಮೇಲೆ ಕೋಳಿ ಸಾರು ಸುರಿಯುತ್ತಾರೆ. ಪೂರ್ತಿ ನೆನೆಯಲು ಬಿಡಬೇಡಿ, ಅರ್ಧ ಮೆತ್ತಗೆ ಅರ್ಧ ಗರಿಗರಿ ಇದ್ದಾಗಲೇ ಅದರ ರುಚಿ. ರಾತ್ರಿ ಬಸ್ಸಿಗೆ ಮೊದಲು ಲಾಲ್‌ಬಾಗ್‌ನ ಪಬ್ಬಾಸ್‌ನಲ್ಲಿ ಒಂದು ಗಡ್‌ಬಡ್ ಐಸ್‌ಕ್ರೀಂ. ಭಾನುವಾರ ಸಂಜೆ ಜನ ಜಾಸ್ತಿ, ಹಾಗಾಗಿ ಆರು ಗಂಟೆಗೆ ಮೊದಲೇ ಹೋಗಿ ಕೂತೆ. ಮನೆಗೆ ಒಂದಿಷ್ಟು ರೊಟ್ಟಿ ಪ್ಯಾಕೆಟ್ ಕಟ್ಟಿಸಿಕೊಂಡೆ. ಅವು ಬೇಗ ಪುಡಿಯಾಗುತ್ತವೆ, ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಡಿ.